ಹೆಬ್ಬೆರಳ ಬುಡ ನೋಯ್ತಿದ್ರೆ ಏನು ಮಾಡ್ಬೇಕು

ಅಡಿಕೆ ಸುಲಿತ ಶುರುವಾದ್ರೆ ತೀರ್ಥಹಳ್ಳಿ, ಹೊಸನಗರ ಕಡೆ ಮೆಟ್ಟುಗತ್ತಿ ಮುಂದೆ ಕೂರೋ ಹೆಂಗಸರದ್ದು ಇದೇ ಗೋಳು, ಹೆಬ್ಬೆರಳ ಬುಡ ಹಿಡ್ಕೊಂಡಿದೆ ಅಂತ. ವಾಯು ಇರ್ಬೇಕು ಅಂತ ಎಣ್ಣೆ ತಿಕ್ಕಿ ಮಲಗ್ತಾರೆ. ಆದ್ರೆ ಐವತ್ತು ದಾಟಿದೋರಿಗೆ, ಅದ್ರಲ್ಲೂ ಮುಟ್ಟು ನಿಂತೋರಿಗೆ ಇದು ಹೆಚ್ಚಾಗಿ ಕೀಲು ಸವೆತ. ಹೆಬ್ಬೆರಳು ಮಣಿಕಟ್ಟಿಗೆ ಸೇರೋ ಜಾಗದಲ್ಲಿ ಮೂಳೆ ಮಧ್ಯದ ಕಾರ್ಟಿಲೇಜ್, ಅಂದ್ರೆ ಮೂಳೆಗೆ ಮೂಳೆ ಉಜ್ಜದ ಹಾಗೆ ಕಾಯೋ ಮೆತ್ತೆ, ತೆಳುವಾಗ್ತಾ ಬರತ್ತೆ, ತುದೀಲಿ 1 ಕೆಜಿಯಷ್ಟು ಒತ್ತಿ ಹಿಡಿದ್ರೆ ಬುಡದ ಕೀಲಿಗೆ ಹೆಚ್ಚುಕಮ್ಮಿ 12 ಕೆಜಿ ಬೀಳತ್ತೆ, ಡಬ್ಬಿ ಮುಚ್ಚಳ ತಿರುಗಿಸುವಾಗ ಬೀಗ ತೆಗೆಯುವಾಗ ಜೀವ ಹೋಗೋದು ಅದಕ್ಕೇ.

ಹಾಗಾಗಿ ಮುಲಾಮಿಗಿಂತ ಮುಂಚೆ, ಬೆರಳ ತುದೀಲಿ ಬಿಗಿ ಹಿಡಿಯೋದನ್ನ ಕಮ್ಮಿ ಮಾಡಿ. ಚಾಕು, ಸೌಟಿನ ಹಿಡಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡ್ಕೊಳ್ಳಿ. ಒದ್ದೆ ಬಟ್ಟೆನ ನಲ್ಲಿಗೆ ಸುತ್ತಾಕಿ ಎರಡೂ ಅಂಗೈಲಿ ತಿರುಚಿ. ಪಾತ್ರೆ ಕಿವಿ ಹಿಡಿದು ಎತ್ತೋ ಬದ್ಲು ಅಡಿಗೆ ಕೈ ಕೊಡಿ. ಮೊಬೈಲ್ ಮೇಜಿನ ಮೇಲಿಟ್ಟು ತೋರುಬೆರಳಲ್ಲಿ ಒತ್ತಿ, ವಾಟ್ಸಾಪಲ್ಲಿ ವಾಯ್ಸ್ ಮೆಸೇಜ್ ಇದ್ಯಲ್ಲ, ಬೇಕಾದ್ರೆ ಅದನ್ನೇ ಕಳ್ಸಿ. ಸುಲಿಯೋದು ಬಿಡಿ ಅಂದ್ರೆ ಯಾರೂ ಕೇಳಲ್ಲ, ಅರ್ಧ ಗಂಟೆಗೊಂದ್ಸಲ ಕತ್ತಿ ಬಿಟ್ಟೆದ್ದು ಕೈ ಕೊಡವಿ ಬನ್ನಿ ಸಾಕು.

ಮಳೆಗಾಲದಲ್ಲಿ ಬೆಳಿಗ್ಗೆ ಕೈ ಮರಗಟ್ಟಿದ್ರೆ ಹಂಡೆಯ ಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ಅದ್ದಿಟ್ಟು, ಲೋಟ ಹಿಡಿಯೋ ಹಾಗೆ ಹೆಬ್ಬೆರಳನ್ನ ದುಂಡಗೆ ಅಗಲಿಸಿ ಬಿಡಿ, ಆಮೇಲೆ ಒಂದೊಂದೇ ಬೆರಳ ತುದಿ ಹಗುರಕ್ಕೆ ಮುಟ್ಟಿಸಿ. ಚೆಂಡು ಹಿಚುಕೋ ವ್ಯಾಯಾಮ ನೋವಿದ್ದಾಗ ನನ್ ಪ್ರಕಾರ ಬೇಡ. ಊದಿ ಬಿಸಿಯಾಗಿದ್ರೆ ತಣ್ಣೀರ ಬಟ್ಟೆ. ಹೆಬ್ಬೆರಳಿಗೆ ಹಾಕೋ ಬೆಲ್ಟ್ ಮೆಡಿಕಲ್ ಶಾಪಲ್ಲಿ ಸಿಗತ್ತೆ, ಕೆಲಸ ಮಾಡುವಾಗ ಹಾಕ್ಕೊಳ್ಳಿ. ಡೈಕ್ಲೋಫೆನಾಕ್ ಜೆಲ್ ಹಚ್ಬೋದು, ಒಡೆದ ಚರ್ಮದ ಮೇಲೆ ಮಾತ್ರ ಬೇಡ. ಬಿಪಿ, ಕಿಡ್ನಿ, ಹೊಟ್ಟೆಹುಣ್ಣು ಇದ್ದೋರು ನೋವಿನ ಮಾತ್ರೆ ತಾವೇ ತಂದು ನುಂಗ್ಬೇಡಿ.

ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದ್ರೆ ಅದು ನರದ ತೊಂದ್ರೆ ಇರ್ಬೋದು. ಎರಡೂ ಕೈ ಗೆಣ್ಣು ಊದಿ ಬೆಳಿಗ್ಗೆ ಗಂಟೆಗಟ್ಲೆ ಬಿಗಿ ಬಿಡ್ದೇ ಇದ್ರೆ ರುಮಟಾಯ್ಡ್ ಅನ್ನೋ ಕೀಲುವಾತ ಇರ್ಬೋದು, ತಡ ಮಾಡ್ದೆ ಡಾಕ್ಟ್ರಿಗೆ ತೋರ್ಸಿ.

ಇನ್ನೊಂದು ತಾಪತ್ರಯ, ವಯಸ್ಸಾದಂಗೆ ಚರ್ಮ ಒಣಗಿ ಬೆರಳ ಗೆರೆ ಸವೀತದೆ, ಮೇಲಿಂದ ಅಡಿಕೆ ಕರೆ ಬೇರೆ, ರೇಷನ್ ಅಂಗಡಿ ಮಷೀನ್ ಹೆಬ್ಬೆಟ್ಟು ತಗೊಳ್ಳೋದೇ ಇಲ್ಲ. ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ, ಬೆಳಿಗ್ಗೆ ಸೋಪಲ್ಲಿ ತೊಳೆದು ಒರೆಸ್ಕೊಂಡು ಹೋಗಿ, ಆಗ್ಲಿಲ್ಲ ಅಂದ್ರೆ ಬೇರೆ ಬೆರಳು ಇಡ್ಸಿ. ಕೇಂದ್ರ ಸರ್ಕಾರದ ಪೆನ್ಷನ್ ತಗೊಳ್ಳೋರಿಗೆ, ಬದುಕಿದ್ದೀವಿ ಅಂತ ವರ್ಷಾ ವರ್ಷಾ ತೋರ್ಸೋ ಜೀವನ್ ಪ್ರಮಾಣ್‌ನಲ್ಲಿ 2021ರಿಂದ ಮುಖ ತೋರ್ಸೋ ವ್ಯವಸ್ಥೆನೂ ಇದೆ, ಮೊಬೈಲ್ ಬಲ್ಲ ಮೊಮ್ಮಕ್ಕಳನ್ನ ಹಿಡ್ಕೊಳ್ಳಿ.