ಫಸ್ಟ್ ಸರ್ವ್‌ಗೆ ಇಬ್ಬರೂ ಹಿಂದೆ: ಮಹಿಳಾ ಡಬಲ್ಸ್‌ನಲ್ಲಿ ನನ್ನ ಅನುಭವ

ಟೆನಿಸ್‌ನಲ್ಲಿ ಎದುರಾಳಿಯ ಸರ್ವ್ ರಿಸೀವ್ ಮಾಡುವಾಗ ಇಬ್ಬರೂ ಬೇಸ್‌ಲೈನಿನಲ್ಲಿ (ಕೋರ್ಟಿನ ಹಿಂದಿನ ಗೆರೆ) ನಿಂತೇ ನಾವು ಒಂದು ಡಬ್ಲ್ಯು15 (ಅಂತರರಾಷ್ಟ್ರೀಯ ಮಹಿಳಾ ಟೂರ್ನಿಗಳ ಮೊದಲ ಮೆಟ್ಟಿಲು) ಡಬಲ್ಸ್ ಟೈಟಲ್ ಗೆದ್ದೆವು. ಆಮೇಲೆ ಅದರ ಮೇಲಿನ ಹಂತದ ಒಂದು ಡಬ್ಲ್ಯು35ರಲ್ಲಿ ಸೆಮಿಫೈನಲ್ ಕೂಡ ಆಡಿದೆವು. "ಡಬಲ್ಸ್ ಅಂದ್ರೆ ನೆಟ್ ಕಣಮ್ಮಾ, ಹಿಂದೆ ನಿಂತ್ಕೊಂಡು ಯಾರೂ ಉದ್ಧಾರ ಆಗಿಲ್ಲ" ಅಂತ ನಗುತ್ತಿದ್ದವರೇ ಈಗ ಮೆಸೇಜ್ ಮಾಡಿ ಹೇಗೆ ಮಾಡಿದ್ರಿ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುತ್ತಾ ಕೂರುವ ಬದಲು ಇಲ್ಲೇ ಬರೆದುಬಿಡುತ್ತೇನೆ.

ನಾನು ಐದಡಿ ಮೂರಿಂಚು. ನನ್ನ ಪಾರ್ಟ್ನರ್ ಧಾರವಾಡದವಳು, ನನಗಿಂತ ಒಂದಿಂಚು ಎತ್ತರ, ಅಷ್ಟೇ. ಇಬ್ಬರ ಸರ್ವೂ ಗಂಟೆಗೆ 140 ಕಿ.ಮೀ. ದಾಟುವುದು ಅಪರೂಪ. ಎಲ್ಲರ ಹಾಗೆ ಒಬ್ಬಳು ರಿಟರ್ನ್‌ಗೆ, ಇನ್ನೊಬ್ಬಳು ಮುಂದೆ, ನಡು ಕೋರ್ಟಿನ ಸರ್ವಿಸ್ ಲೈನ್ ಹತ್ತಿರ ಅಂತ ಆಡುತ್ತಿದ್ದಾಗ ಪ್ರತಿ ಮ್ಯಾಚಿನಲ್ಲೂ ಒಂದೇ ಕತೆ. ರಿಟರ್ನ್ ಸ್ವಲ್ಪ ಮೆತ್ತಗಾದರೆ ಸಾಕು, ಎದುರಿನ ನೆಟ್ ಹುಡುಗಿ ಪೋಚ್ ಮಾಡಿ (ಜೊತೆಗಾರ್ತಿಯ ಕಡೆ ಹೋಗುವ ಚೆಂಡಿಗೆ ಅಡ್ಡ ನುಗ್ಗಿ) ನಮ್ಮಲ್ಲಿ ಮುಂದೆ ನಿಂತವಳ ಕಾಲಿಗೇ ಹೊಡೆಯುವಳು. ಮುಂದೆ ನಿಂತವಳಿಗೆ ರ‍್ಯಾಕೆಟ್ ಎತ್ತುವಷ್ಟೂ ಸಮಯ ಇಲ್ಲ. ಹಾಗಾದರೆ ಅವಳು ಅಲ್ಲಿ ನಿಂತು ಮಾಡುವುದಾದರೂ ಏನು?

ಕೋಚ್‌ಗೆ ಇದನ್ನು ಹೇಳಿದರೆ 2006ರ ಉದಾಹರಣೆ ಕೊಟ್ಟರು. ಆ ವರ್ಷ ಬೆಂಗಳೂರಿನ ಡಬ್ಲ್ಯುಟಿಎ (ಮಹಿಳಾ ಟೆನಿಸ್‌ನ ಮೇಲಿನ ಟೂರ್) ಟೂರ್ನಿಯಲ್ಲಿ ಸಾನಿಯಾ ಮಿರ್ಜಾ, ಲೀಜೆಲ್ ಹ್ಯೂಬರ್ ಡಬಲ್ಸ್ ಗೆದ್ದಿದ್ದರು. ಸರಿ ಸಾರ್, ಹ್ಯೂಬರ್ ತರಹ ವಾಲಿ (ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯುವುದು) ನಮಗೆ ಎಲ್ಲಿಂದ ಬರಬೇಕು? ನಾನು ಇಟಲಿಯ ಸಾರಾ ಎರಾನಿ ಹೆಸರು ಹೇಳಿದೆ. ಅವಳ ಸರ್ವ್ ಎಷ್ಟು ನಿಧಾನ ಅಂತ ಟೂರ್‌ನಲ್ಲಿ ಎಲ್ಲರಿಗೂ ಗೊತ್ತು. ಆದರೂ ರಾಬರ್ಟಾ ವಿಂಚಿ ಜೊತೆ ನಾಲ್ಕೂ ಗ್ರ್ಯಾಂಡ್‌ಸ್ಲಾಮ್ ಡಬಲ್ಸ್ ಗೆದ್ದಳು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಜಾಸ್ಮಿನ್ ಪಾವೊಲಿನಿ ಜೊತೆ ಚಿನ್ನ, ಫೈನಲ್‌ನಲ್ಲಿ 2-6, 6-1, 10-7. ಇಬ್ಬರೂ ಹೆಚ್ಚುಕಡಿಮೆ ನಮ್ಮಷ್ಟೇ ಎತ್ತರ! ಆಮೇಲೆ ತೈವಾನಿನ ಶೆ ಸು-ವೆಯ್ ಇದ್ದಾಳೆ, ಎರಡೂ ಕಡೆ ಎರಡು ಕೈಯಲ್ಲಿ ಆಡಿಕೊಂಡು, ಲಾಬ್ (ಎದುರಾಳಿಯ ತಲೆ ಮೇಲಿಂದ ಎತ್ತಿ ಹಾಕುವ ಹೊಡೆತ) ಹಾಕಿಕೊಂಡು ವಿಂಬಲ್ಡನ್ ಡಬಲ್ಸ್ ನಾಲ್ಕು ಸಲ ಗೆದ್ದವಳು. ಕೋಚ್ "ಅವರು ಅವರು, ನೀವು ನೀವು" ಅಂದರು. ಆ ಮಾತಿಗೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ ಬಿಡಿ.

ನಾವು ಮಾಡಿದ್ದು ಇಷ್ಟೇ. ಎದುರಾಳಿಯ ಫಸ್ಟ್ ಸರ್ವ್‌ಗೆ ಇಬ್ಬರೂ ಹಿಂದೆ. ಅದು ತಪ್ಪಿದ ಮೇಲೆ ಬರುವ, ಮೆತ್ತಗಿನ ಸೆಕೆಂಡ್ ಸರ್ವ್‌ಗೆ ಮಾತ್ರ ಪಾರ್ಟ್ನರ್ ಮುಂದೆ. ಇಬ್ಬರೂ ಹಿಂದೆ ಇದ್ದರೆ ಪೋಚ್ ಮಾಡುವವಳಿಗೆ ಹೊಡೆಯಲು ಕಾಲು ಸಿಗುವುದಿಲ್ಲ, ಒಂದೇ ವಾಲಿಯಲ್ಲಿ ಪಾಯಿಂಟ್ ಮುಗಿಸಬೇಕಾದರೆ ಗೆರೆ ಹತ್ತಿರಕ್ಕೇ ಆಡಬೇಕು, ಈ ಮಟ್ಟದಲ್ಲಿ ಅದನ್ನು ಮ್ಯಾಚ್ ಪೂರ್ತಿ ಮಾಡುವವರು ಕಡಿಮೆ. ನಾವು ನೆಟ್ ಹುಡುಗಿಯ ಬ್ಯಾಕ್‌ಹ್ಯಾಂಡ್ ಭುಜದ ಮೇಲೆ ಲಾಬ್ ಹಾಕಿ, ಅವರು ಜಾಗ ಬದಲಾಯಿಸುವಾಗ ಒಟ್ಟಿಗೆ ಮುಂದೆ ನುಗ್ಗುವುದು. ಒಬ್ಬಳು ಹೋಗಿ ಒಬ್ಬಳು ಉಳಿದರೆ ನಡುವೆ ದೊಡ್ಡ ತೂತು, ಕೆಟ್ಟೆವು.

ಕಬ್ಬನ್ ಪಾರ್ಕಿನ ಕೋರ್ಟುಗಳಲ್ಲಿ ಇದೆಲ್ಲ ಚೆನ್ನಾಗಿಯೇ ನಡೆಯಿತು. ಟುನೀಶಿಯಾದ ಮೊನಸ್ತೀರ್‌ಗೆ ಹೋದೆವು, ಮೊದಲ ಸುತ್ತಿನಲ್ಲೇ ಔಟ್. ಮುಂದಿನ ವಾರವೂ ಅದೇ. ಲಾಬ್‌ಗಳೆಲ್ಲ ಸರ್ವಿಸ್ ಲೈನ್ ಹತ್ತಿರವೇ ಬೀಳುತ್ತಿದ್ದವು, ಅವರು ಸುಮ್ನೆ ನಿಂತು ಸ್ಮ್ಯಾಶ್ ಮಾಡುತ್ತಿದ್ದರು. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿದೆ, ಗಾಳಿ ತೆಳು, ಚೆಂಡು ಜಾಸ್ತಿ ಹಾರುತ್ತದೆ. ಮೊನಸ್ತೀರ್ ಕಡಲ ದಡ. ಇಲ್ಲಿ ಒಂದಡಿ ಒಳಗೆ ಬೀಳುವ ಲಾಬ್ ಅಲ್ಲಿ ಎಷ್ಟೋ ಮುಂಚೆಯೇ ಬೀಳುತ್ತದೆ. 52 ಪೌಂಡ್ ಬಿಗಿ ಇದ್ದ ರ‍್ಯಾಕೆಟ್ ಸ್ಟ್ರಿಂಗನ್ನು 48ಕ್ಕೆ ಇಳಿಸಿದೆ (ಸಡಿಲವಾದಷ್ಟೂ ಚೆಂಡು ದೂರ ಹೋಗುತ್ತದೆ), ಪರವಾಗಿಲ್ಲ ಅನಿಸಿತು. ಪಾರ್ಟ್ನರ್ 46ಕ್ಕೆ ಹೋಗಿ ನೋಡಿದಳು, ರಿಟರ್ನ್ ಎಲ್ಲ ಬೇಲಿಗೆ. ಕೊನೆಗೆ ಅವಳೂ 48, 49 ಅಂತ ನಿಂತಳು. ಕಡಲ ಗಾಳಿ ಎದುರಿಗೆ ಬೀಸುವ ತುದಿಯಲ್ಲಿ ಆಡುವಾಗ ಲಾಬನ್ನು ಪೂರ್ತಿ ಬಿಟ್ಟು ಮಧ್ಯಕ್ಕೆ ಹೊಡೆಯುವುದನ್ನೂ ಅಲ್ಲೇ ಕಲಿತೆವು.

ದುಡ್ಡಿನ ವಿಷಯ ಹೇಳಲೇಬೇಕು. ಬೆಂಗಳೂರಿನಿಂದ ಹೋಗಿಬರುವ ವಿಮಾನಕ್ಕೆ ತಲಾ 65,000 ರೂಪಾಯಿ ಆಸುಪಾಸು. ಒಂದೇ ರೂಮು ಹಂಚಿಕೊಂಡರೂ ವಾರಕ್ಕೆ ತಲಾ 35,000ದಿಂದ 40,000. ಸ್ಟ್ರಿಂಗ್ ಹಾಕಿಸುವ ಕೂಲಿ ಇಲ್ಲಿ 300 ರೂಪಾಯಿ ಇದ್ದದ್ದು ಅಲ್ಲಿ ಯೂರೋ ಲೆಕ್ಕ, ನಾನು ಪ್ರಯೋಗ ಮಾಡಿ ಮಾಡಿ ಆ ತಿಂಗಳು ಅದಕ್ಕೇ ಹತ್ತು ಸಾವಿರ ಸುರಿದಿರಬೇಕು. ಮತ್ತೆ ಡಬ್ಲ್ಯು15 ಡಬಲ್ಸ್ ಗೆದ್ದರೆ ಬರುವುದೆಷ್ಟು? ಇಬ್ಬರಿಗೂ ಸೇರಿ ಸಾವಿರ ಡಾಲರ್ ಕೂಡ ಮುಟ್ಟುವುದಿಲ್ಲ, ಅದರಲ್ಲಿ ತೆರಿಗೆ ಬೇರೆ. ಮೊದಲ ಸುತ್ತಿನಲ್ಲಿ ಸೋತರೆ ಒಂದೆರಡು ದಿನದ ಊಟದ ದುಡ್ಡು. ಗೆದ್ದರೂ ನಷ್ಟವೇ, ನಷ್ಟ ಸ್ವಲ್ಪ ಕಡಿಮೆ ಅಷ್ಟೇ. ಪಾರ್ಟ್ನರ್ ಅಪ್ಪ ಪ್ರತಿ ಸಲ ಫೋನಿನಲ್ಲಿ "ಎಷ್ಟು ಬಂತವ್ವಾ?" ಅಂತ ಕೇಳುವರು, ಅವಳು ರ‍್ಯಾಂಕಿಂಗ್ ಪಾಯಿಂಟ್ಸ್ ಲೆಕ್ಕ ಹೇಳಿ ತಪ್ಪಿಸಿಕೊಳ್ಳುವಳು.

ಇನ್ನೊಂದು ತಲೆನೋವು ಡ್ರಾಪ್ ಶಾಟ್, ಅಂದರೆ ನೆಟ್ ದಾಟಿದ ತಕ್ಷಣ ಬೀಳುವ ಮೆತ್ತಗಿನ ಹೊಡೆತ. ಇಬ್ಬರೂ ಹಿಂದೆ ನಿಂತದ್ದನ್ನು ನೋಡಿದರೆ ಯಾರಿಗಾದರೂ ಅದೇ ಹೊಳೆಯುತ್ತದೆ, ಅಲ್ವಾ? ಒಂದು ಜೋಡಿಯಂತೂ ಇಡೀ ಸೆಟ್ ಅದನ್ನೇ ಆಡಿತು. ಚೆಂಡಿಗೆ ಹತ್ತಿರ ಇದ್ದವಳು ಓಡಬೇಕು ಅನ್ನುವ ನಿಯಮದಿಂದ ಏನೂ ಪ್ರಯೋಜನ ಆಗಲಿಲ್ಲ. ಯಾರು ಓಡಬೇಕು ಅನ್ನುವುದನ್ನು ಬೇರೆ ರೀತಿ ತೀರ್ಮಾನಿಸಿಕೊಂಡ ಮೇಲೆ ಸರಿಹೋಯಿತು. ಅದೇನು ಅಂತ ಇಲ್ಲಿ ಬರೆಯುವುದಿಲ್ಲ, ನಾವಿನ್ನೂ ಆಡುತ್ತಿದ್ದೇವೆ!

ನಮ್ಮ ಸರ್ವ್ ಉಳಿಸಿಕೊಳ್ಳಲು ಐ ಫಾರ್ಮೇಶನ್: ಪಾರ್ಟ್ನರ್ ನೆಟ್ ಹತ್ತಿರ ಮಧ್ಯದಲ್ಲಿ ಬಗ್ಗಿ ಕೂತು, ಸರ್ವ್ ಆದ ಮೇಲೆ ಎಡಕ್ಕೋ ಬಲಕ್ಕೋ ಹೋಗುವುದು. ಸರ್ವ್ ಜೋರಾಗಿಲ್ಲದಿದ್ದರೆ ಇದು ಆತ್ಮಹತ್ಯೆ ಅಂದರು. ನಾವು ಸೆಕೆಂಡ್ ಸರ್ವ್ ತರಹದ, ಸ್ಪಿನ್ ಕೊಟ್ಟು ಎತ್ತರಕ್ಕೆ ಪುಟಿಸುವ ಕಿಕ್ ಸರ್ವನ್ನೇ ಫಸ್ಟ್ ಸರ್ವ್ ಮಾಡಿಕೊಂಡೆವು, ಹತ್ತರಲ್ಲಿ ಏಳೆಂಟು ಒಳಗೆ ಬೀಳುತ್ತಿತ್ತು. ಗುರಿ ಟಿ (ಮಧ್ಯದ ಗೆರೆ) ಇಲ್ಲವೇ ಎದುರಾಳಿಯ ಮೈಮೇಲೆ, ವೈಡ್ (ಹೊರ ಅಂಚಿಗೆ) ಬೇಡವೇ ಬೇಡ. ಅಂಡರ್‌ಆರ್ಮ್ ಸರ್ವ್ ಕೂಡ ಪ್ರಯೋಗ ಮಾಡಿದೆ, ಒಂದು ಸಲ ಪಾಯಿಂಟ್ ಬಂತು, ಎರಡನೇ ಸಲ ಚೆಂಡು ನನ್ನ ಪಾರ್ಟ್ನರ್ ಬೆನ್ನಿಗೆ ಬಂತು. ಅಲ್ಲಿಗೆ ಅದು ಮುಗಿಯಿತು. ಕೈಸನ್ನೆ ಬಿಟ್ಟು ಕನ್ನಡದಲ್ಲೇ ಕೂಗಿಕೊಳ್ಳುವುದು ವಿದೇಶದಲ್ಲಿ ಭಾರಿ ಅನುಕೂಲ. ಊರಿಗೆ ಬಂದ ಮೇಲೆ ಬೆಂಗಳೂರಿನ ಹುಡುಗಿಯರ ಎದುರು "ಎಡಕ್ಕೆ ಹೋಗ್ತೀನಿ" ಅಂದರೆ ನಡೆಯುತ್ತದೆಯೇ, ಮತ್ತೆ ಕೈಸನ್ನೆ.

ಮ್ಯಾಚ್ ಟೈಬ್ರೇಕ್ ಬಗ್ಗೆ ಒಂದು ಮಾತು, ಇದನ್ನು ಬಹಳ ಜೋಡಿಗಳು ಬಳಸಿಕೊಳ್ಳುವುದೇ ಇಲ್ಲ. ಅದು ಸೆಟ್ 1-1 ಆದಾಗ ಮೂರನೇ ಸೆಟ್ಟಿನ ಬದಲಿಗೆ ಹತ್ತು ಪಾಯಿಂಟಿಗೆ ಆಡುವುದು. ಹಾಗಾಗಿ ಹೊಸ ಸೆಟ್ಟಿನ ಶುರುವಿನಲ್ಲಿ ಇದ್ದಂತೆ, ನಮ್ಮಿಬ್ಬರಲ್ಲಿ ಯಾರು ಮೊದಲು ಸರ್ವ್ ಮಾಡಬೇಕು, ಯಾರು ಯಾವ ಕಡೆ ರಿಸೀವ್ ಮಾಡಬೇಕು ಅನ್ನುವುದನ್ನು ಬದಲಾಯಿಸಬಹುದು. 8-10, 9-11 ಅಂತ ಸಾಲಾಗಿ ಸೋತ ಮೇಲೆ ನಾವು ಎರಡನ್ನೂ ಬದಲಾಯಿಸಲು ಶುರು ಮಾಡಿದೆವು. ಎರಡು ಸೆಟ್ ಒಂದೇ ಕಡೆ ಒಬ್ಬಳಿಗೇ ಸರ್ವ್ ಮಾಡಿ ಹೊಂದಿಕೊಂಡವಳಿಗೆ ಥಟ್ಟನೆ ಇನ್ನೊಬ್ಬಳು ಎದುರು ಬಂದರೆ ಎರಡು ಪಾಯಿಂಟಾದರೂ ತಡವರಿಸುತ್ತಾಳೆ. ನಮಗೆ ಅಷ್ಟು ಸಾಕಿತ್ತು. ಗೆದ್ದ ವಾರದಲ್ಲಿ ನಾಲ್ಕು ಮ್ಯಾಚಿನಲ್ಲಿ ಎರಡು ಹೀಗೇ ಬಂದದ್ದು.

ಇನ್ನೂ ಮೇಲಿನ ಹಂತದ ಡಬ್ಲ್ಯು50ರಲ್ಲಿ ಇದು ನಡೆಯುತ್ತದೋ ಇಲ್ಲವೋ ಈ ಸೀಸನ್ ನೋಡಬೇಕು. ಅಲ್ಲಿ ನೆಟ್ ಆಟಗಾರ್ತಿಯರು ಕೋನ ಮಾಡಿ ವಾಲಿ ಹಾಕುತ್ತಾರೆ, ಬೇಸ್‌ಲೈನಿನಿಂದ ಅದನ್ನು ಮುಟ್ಟುವುದು ಕಷ್ಟ. ಅದಕ್ಕೇ ಎತ್ತರದ, ಜೋರಾಗಿ ಪೋಚ್ ಮಾಡುವ ಜೋಡಿ ಬೆಂಗಳೂರಿನಲ್ಲಿ ಯಾರಾದರೂ ಇದ್ದರೆ ವಾರಕ್ಕೆರಡು ದಿನ ಪ್ರಾಕ್ಟೀಸ್‌ಗೆ ಬನ್ನಿ. ಚೆಂಡು ನಮ್ಮದು, ಕೋರ್ಟಿನ ಬಾಡಿಗೆ ಅರ್ಧರ್ಧ.