ಬೇಳೆ ಗಿರಣಿಯ ಲೆಕ್ಕದ ಮೇಜಿನಲ್ಲಿ ಐದಕ್ಷರದ ಪದಗಳು

ವರ್ಡಲ್ ಆಟದ ನಿಯಮ ಎರಡು ಮಾತಿನಲ್ಲಿ ಮುಗಿಯುತ್ತದೆ. ಐದು ಅಕ್ಷರದ ಒಂದು ಇಂಗ್ಲಿಷ್ ಪದವನ್ನು ಆರು ಅವಕಾಶಗಳಲ್ಲಿ ಕಂಡುಹಿಡಿಯಬೇಕು. ನಾವು ಹಾಕಿದ ಅಕ್ಷರ ಸರಿಯಾದ ಮನೆಯಲ್ಲಿದ್ದರೆ ಹಸಿರು, ಪದದಲ್ಲಿದ್ದೂ ಬೇರೆ ಮನೆಯದಾದರೆ ಹಳದಿ, ಇಲ್ಲವೇ ಇಲ್ಲವೆಂದರೆ ಬೂದು. ಜಾಶ್ ವಾರ್ಡಲ್ ಎಂಬ ಸಾಫ್ಟ್‌ವೇರ್ ಎಂಜಿನಿಯರ್ ತನ್ನ ಸಂಗಾತಿ ಪಾಲಕ್ ಶಾ ಅವರಿಗಾಗಿ ಇದನ್ನು ಮಾಡಿದರು. 2021ರ ಅಕ್ಟೋಬರ್‌ನಲ್ಲಿ ಎಲ್ಲರಿಗೂ ಸಿಕ್ಕಿದ ಆಟವನ್ನು 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಕೊಂಡುಕೊಂಡಿತು. ಕಲಬುರಗಿಯ ಬೇಳೆ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ನನಗೆ ಅದರ ಹುಚ್ಚು ಹಿಡಿಸಿದವಳು ನನ್ನ ಅಣ್ಣನ ಮಗಳು. ಬೆಂಗಳೂರಿನಲ್ಲಿ ಓದುತ್ತಾಳೆ. ಬೆಳಿಗ್ಗೆ ಗಿರಣಿಯ ಬಾಗಿಲು ತೆರೆಯುವ ಮೊದಲೇ ಅವಳ ಬಣ್ಣದ ಚೌಕಗಳು ಮೊಬೈಲ್‌ಗೆ ಬಂದಿರುತ್ತವೆ: “ಕಾಕಾ, ನಿಮ್ಮದು ಎಷ್ಟಕ್ಕೆ ಆಯಿತು?”

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಈ ಆಟ ಒಗ್ಗುವುದಿಲ್ಲ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಇದಕ್ಕೆ ಬೇಕಾದದ್ದು ಶಬ್ದಭಂಡಾರವಲ್ಲ. ಇಂಗ್ಲಿಷಿನಲ್ಲಿ ಯಾವ ಅಕ್ಷರದ ಪಕ್ಕ ಯಾವುದು ಕೂರುತ್ತದೆ ಎಂಬ ತಿಳಿವಳಿಕೆ. ಅದನ್ನು ನಾನು ಕಲಿತದ್ದು ನಿಘಂಟಿನಿಂದಲ್ಲ, ತೊಗರಿಯ ಆವಕ ಬರೆದಿಡುವ ಎಕ್ಸೆಲ್‌ನಿಂದ.

ಆಟ ಶುರುವಾದಾಗ ಉತ್ತರಗಳಾಗಿ ಇಟ್ಟಿದ್ದ 2,315 ಪದಗಳ ಪಟ್ಟಿ ಅಂತರ್ಜಾಲದಲ್ಲಿ ಸಿಗುತ್ತದೆ. ಅದನ್ನು ಮೊದಲ ಕಾಲಮ್ಮಿಗೆ ಸುರಿದೆ. ಪಕ್ಕದ ಐದು ಕಾಲಮ್ಮುಗಳಲ್ಲಿ ‘ಮಿಡ್’ ಸೂತ್ರ ಹಾಕಿ ಪದವನ್ನು ಬಿಡಿಬಿಡಿ ಅಕ್ಷರವಾಗಿ ಒಡೆದೆ. ತಲೆಸಾಲಿಗೆ ಫಿಲ್ಟರ್ ಹಚ್ಚಿದರೆ ಕೆಲಸ ಮುಗಿಯಿತು. ಎರಡನೆಯ ಮನೆಯಲ್ಲಿ ‘ಆರ್’, ಕೊನೆಯಲ್ಲಿ ‘ಇ’ ಎಂದು ಆರಿಸಿದರೆ ಉಳಿದವೆಲ್ಲ ಮಾಯ. ಗಿರಣಿಯಲ್ಲಿ ತೊಗರಿ ಜರಡಿಯಿಂದ ಜರಡಿಗೆ ಇಳಿದ ಹಾಗೆ ಪದಗಳು ಇಳಿಯುತ್ತವೆ. ಮನೆ ಯಾವುದೆಂದು ಗೊತ್ತಿಲ್ಲದೆ ಅಕ್ಷರ ಮಾತ್ರ ಗೊತ್ತಿದ್ದರೆ ಮೊದಲ ಕಾಲಮ್ಮಿನಲ್ಲಿ ಆ ಅಕ್ಷರ ‘ಒಳಗೊಂಡಿರುವ’ ಪದಗಳನ್ನು ಕೇಳಿದರಾಯಿತು. ಬೇರೆ ಬೇರೆ ಉದ್ದದ ಪದಗಳು ಬೆರೆತಿರುವ ಪಟ್ಟಿಯಾದರೆ ಮೊದಲು ‘ಲೆನ್’ ಸೂತ್ರದಿಂದ ಉದ್ದ ಎಣಿಸಿ ಐದರವನ್ನು ಬೇರ್ಪಡಿಸಿಕೊಳ್ಳಬೇಕು.

ಆಟದ ನಡುವೆ ಈ ಹಾಳೆಯನ್ನು ನಾನು ತೆರೆಯುವುದಿಲ್ಲ. ಹಾಗೆ ತೆರೆಯುವವನು ಆಡುತ್ತಿಲ್ಲ, ಗುಮಾಸ್ತಿಕೆ ಮಾಡುತ್ತಿದ್ದಾನೆ. ಅದನ್ನು ನಾನು ದಿನವಿಡೀ ಸಂಬಳಕ್ಕೆ ಮಾಡುತ್ತೇನೆ. ಹಾಳೆ ಇರುವುದು ಆಟ ಮುಗಿದ ಮೇಲೆ ಕುಳಿತು ನೋಡುವುದಕ್ಕೆ.

ಎಣಿಸಿದಾಗ ಕಂಡದ್ದು ಹೀಗಿದೆ. ಆ 2,315ರಲ್ಲಿ ‘ಇ’ ಇರುವ ಪದಗಳು 1,056, ‘ಎ’ ಇರುವವು 909, ‘ಆರ್’ ಇರುವವು 837. ‘ಎಸ್’ನಿಂದ ಶುರುವಾಗುವವು 366, ಬೇರೆ ಯಾವ ಅಕ್ಷರಕ್ಕೂ ಅಷ್ಟಿಲ್ಲ. ಕೊನೆಯ ಮನೆಯಲ್ಲಿ ‘ಇ’ 424 ಸಲ, ‘ವೈ’ 364 ಸಲ. ಆದರೆ ‘ಎಸ್’ ಕೊನೆಗೆ ಬರುವುದು ಕಡಿಮೆ, ಏಕೆಂದರೆ ‘ಎಸ್’ ಹಚ್ಚಿ ಮಾಡಿದ ಸಾದಾ ಬಹುವಚನಗಳನ್ನು ಆ ಪಟ್ಟಿಯಿಂದ ಹೊರಗಿಟ್ಟಿದ್ದರು. ಆದ್ದರಿಂದ ನನ್ನ ಮೊದಲ ಪದ ಸ್ಲೇಟ್: ಎಸ್, ಎಲ್, ಎ, ಟಿ, ಇ. ‘ಎಸ್’ ತನ್ನ ನೆಚ್ಚಿನ ಮೊದಲ ಮನೆಯಲ್ಲಿ, ‘ಇ’ ತನ್ನ ನೆಚ್ಚಿನ ಕೊನೆಯ ಮನೆಯಲ್ಲಿ. ಹೆಚ್ಚೇನೂ ಸಿಗದಿದ್ದರೆ ಎರಡನೆಯದು ಕಾರ್ನಿ: ಸಿ, ಓ, ಆರ್, ಎನ್, ವೈ. ಎರಡು ಪದದಲ್ಲಿ ಒಂದೂ ಮರುಕಳಿಸದೆ ಹತ್ತು ಅಕ್ಷರ ತಪಾಸಣೆಯಾಗುತ್ತದೆ.

ಇಲ್ಲಿಯವರೆಗೆ ಎಲ್ಲರೂ ಹೇಳುತ್ತಾರೆ. ನನ್ನ ಅನುಭವದ ಮಾತು ಇದರ ನಂತರದ್ದು. ಹುಡುಕಲು ಹೊರಡುವಾಗ ಸಾಮಾನ್ಯ ಅಕ್ಷರ ಬೇಕು. ಅಕ್ಷರಗಳು ಸಿಕ್ಕ ಮೇಲೆ ಅಪರೂಪದ್ದನ್ನು ಹಿಡಿದು ಯೋಚಿಸಬೇಕು. ‘ಎ’, ‘ಇ’, ‘ಕೆ’ ಮೂರೂ ಇವೆ ಎಂದು ಗೊತ್ತಾದರೆ ಬಹಳ ಜನ ‘ಎ’ಯಿಂದ ಯೋಚನೆ ಆರಂಭಿಸುತ್ತಾರೆ. ‘ಎ’ ಎಲ್ಲರ ಮನೆಗೂ ಹೋಗುವ ಅಕ್ಷರ, ಅದರಿಂದ ಏನೂ ತಿಳಿಯುವುದಿಲ್ಲ. ‘ಕೆ’ಗೆ ಮಾತ್ರ ಸಹವಾಸ ಗೊತ್ತುಪಡಿಸಿದ್ದು. ‘ಕೆ’ಯನ್ನು ಹಿಡಿದರೆ ಹೆಚ್ಚಿನ ಪಾಲು ಪದಗಳು ಎರಡು ಗುಂಪಿಗೆ ಬೀಳುತ್ತವೆ: ಸ್ನೇಕ್, ಶೇಕ್, ಫ್ಲೇಕ್ ಥರ ‘ಎ-ಕೆ-ಇ’ ಎಂದು ಮುಗಿಯುವವು, ಸ್ಪೀಕ್, ಸ್ನೀಕ್, ಟ್ವೀಕ್ ಥರ ‘ಇ-ಎ-ಕೆ’ ಎಂದು ಮುಗಿಯುವವು.

ಇದರಲ್ಲಿ ಒಂದು ಮೋಜು ಇದೆ. ಗಾಡಿಯ ಬ್ರೇಕ್ ಮತ್ತು ಮುರಿಯುವ ಬ್ರೇಕ್ ಎರಡರಲ್ಲೂ ಅವೇ ಐದು ಅಕ್ಷರಗಳು, ಉಚ್ಚಾರವೂ ಒಂದೇ. ಕನ್ನಡದಲ್ಲಿ ಬರೆದರೆ ವ್ಯತ್ಯಾಸವೇ ಕಾಣುವುದಿಲ್ಲ. ಆದರೆ ಸ್ಲೇಟ್ ಹಾಕಿದವನಿಗೆ ಇದು ಮೊದಲ ಸಾಲಿನಲ್ಲೇ ಇತ್ಯರ್ಥ. ಉತ್ತರ ಗಾಡಿಯ ಬ್ರೇಕ್ ಆಗಿದ್ದರೆ ‘ಎ’ ಮತ್ತು ‘ಇ’ ಎರಡೂ ಹಸಿರು. ಮುರಿಯುವ ಬ್ರೇಕ್ ಆಗಿದ್ದರೆ ಎರಡೂ ಹಳದಿ. ಕಿವಿಯಲ್ಲಿ ಕೇಳಿ ಬರೆಯುವ ನಮ್ಮ ಅಭ್ಯಾಸವನ್ನು ಈ ಆಟದಲ್ಲಿ ಗಿರಣಿಯ ಹೊರಗೇ ಬಿಟ್ಟು ಬರಬೇಕು.

ಹೀಗೆ ಸಹವಾಸ ನೋಡಿಕೊಳ್ಳುತ್ತ ಹೋದರೆ ಇನ್ನೂ ಕೆಲವು ತಿಳಿಯುತ್ತವೆ. ‘ಕ್ಯು’ ಬಂದರೆ ಹಿಂದೆಯೇ ‘ಯು’. ‘ವಿ’ ಪದದ ಕೊನೆಗೆ ನಿಲ್ಲಲು ಒಪ್ಪುವುದಿಲ್ಲ, ಒಂದು ‘ಇ’ಯನ್ನು ಕಾವಲಿಗೆ ಹಾಕಿಕೊಳ್ಳುತ್ತದೆ: ಡ್ರೈವ್, ನರ್ವ್. ‘ಸಿ-ಕೆ’ ಜೋಡಿ ಪದದ ಆರಂಭಕ್ಕೆ ಬರುವುದಿಲ್ಲ. ಐದು ಸ್ವರಗಳೂ ಬೂದಾದರೆ ಗಾಬರಿ ಬೇಡ, ‘ವೈ’ ಸ್ವರದ ಕೆಲಸ ಮಾಡುತ್ತಿದೆ ಎಂದರ್ಥ. ಜಿಪ್ಸಿ, ನಿಂಫ್ ಇಂಥವು. ಕಾಗುಣಿತ ಅಮೆರಿಕದ್ದು ಎಂಬುದನ್ನೂ ಮರೆಯಬಾರದು. ನಮ್ಮ ಶಾಲೆಯ ಕಲರ್‌ಗೆ ಆರು ಅಕ್ಷರ, ಈ ಆಟದಲ್ಲಿ ಐದು. 2022ರ ಜನವರಿಯಲ್ಲಿ ‘ಯು’ ಇಲ್ಲದ ಫೇವರ್ ಉತ್ತರವಾಗಿ ಬಂದಾಗ ಬ್ರಿಟಿಷರು ಸಿಡಿಮಿಡಿಗೊಂಡಿದ್ದರು.

ನಿಜವಾದ ಕಷ್ಟ ಎಲ್ಲ ಸಿಕ್ಕಂತೆ ಕಾಣುವಾಗ ಬರುತ್ತದೆ. ಕೊನೆಯ ನಾಲ್ಕು ಮನೆ ಹಸಿರು: ಎ, ಟಿ, ಸಿ, ಎಚ್. ಮೊದಲ ಮನೆಯೊಂದೇ ಖಾಲಿ. ಬ್ಯಾಚ್, ಕ್ಯಾಚ್, ಹ್ಯಾಚ್, ಲ್ಯಾಚ್, ಮ್ಯಾಚ್, ಪ್ಯಾಚ್, ವಾಚ್, ಹೀಗೆ ಏಳು ಪದ. ಉಳಿದಿರುವ ಅವಕಾಶ ಮೂರು. ಒಂದೊಂದಾಗಿ ಹಾಕುತ್ತ ಹೋಗುವುದು ಜೂಜು. ಇಂಥ ಹೊತ್ತಿನಲ್ಲಿ ನಾನು ಉತ್ತರವಲ್ಲವೆಂದು ಗೊತ್ತಿದ್ದೇ ಕ್ಲ್ಯಾಂಪ್ ಹಾಕುತ್ತೇನೆ: ಸಿ, ಎಲ್, ಎ, ಎಂ, ಪಿ. ‘ಎಲ್’ ಹಳದಿಯಾದರೆ ಲ್ಯಾಚ್, ‘ಎಂ’ ಆದರೆ ಮ್ಯಾಚ್, ‘ಪಿ’ ಆದರೆ ಪ್ಯಾಚ್. ಸೊಗಸು ಇರುವುದು ‘ಸಿ’ಯಲ್ಲಿ. ಅದು ಹೇಗೂ ನಾಲ್ಕನೆಯ ಮನೆಯಲ್ಲಿ ಇರುವುದರಿಂದ ಹಳದಿಯಾಗಬೇಕು. ಹಸಿರಾಯಿತೆಂದರೆ ಮೊದಲ ಮನೆಯಲ್ಲೂ ಇದೆ, ಅಂದರೆ ಕ್ಯಾಚ್. ನಾಲ್ಕೂ ಅಲ್ಲವೆಂದಾದರೆ ಬ್ಯಾಚ್, ಹ್ಯಾಚ್, ವಾಚ್ ಮಾತ್ರ ಉಳಿಯುತ್ತವೆ. ಒಂದು ಅವಕಾಶ ಖರ್ಚಾಯಿತು, ಆದರೆ ಏಳು ಸಾಧ್ಯತೆ ಒಂದಕ್ಕೋ ಮೂರಕ್ಕೋ ಇಳಿಯಿತು. ‘ಐ-ಜಿ-ಎಚ್-ಟಿ’ ಎಂದು ಮುಗಿಯುವ ಫೈಟ್, ಲೈಟ್, ಮೈಟ್, ನೈಟ್, ರೈಟ್, ಸೈಟ್ ಗುಂಪಿಗೂ ಇದೇ ಉಪಾಯ. ಅಲ್ಲಿ ನನ್ನ ಕೈಗೆ ಬರುವುದು ಫಿಲ್ಮ್ಸ್, ‘ಎಫ್’, ‘ಎಲ್’, ‘ಎಂ’, ‘ಎಸ್’ ನಾಲ್ಕನ್ನೂ ಒಟ್ಟಿಗೆ ಕೇಳಿಬಿಡುತ್ತದೆ.

ಅಣ್ಣನ ಮಗಳು ಈಗ ಕಠಿಣ ವಿಧಾನದಲ್ಲಿ ಆಡುತ್ತಾಳೆ. ಅದರಲ್ಲಿ ಸಿಕ್ಕ ಅಕ್ಷರಗಳನ್ನು ಮುಂದಿನ ಪ್ರತಿ ಪದದಲ್ಲೂ ಬಳಸಲೇಬೇಕು, ಆದ್ದರಿಂದ ಕ್ಲ್ಯಾಂಪ್ ನಡೆಯುವುದಿಲ್ಲ. ಅದೇ ಮರ್ಯಾದೆಯ ಆಟ ಎಂಬುದು ಅವಳ ವಾದ. ಏಳರಲ್ಲಿ ಒಂದನ್ನು ಅದೃಷ್ಟಕ್ಕೆ ಬಿಡುವುದರಲ್ಲಿ ಮರ್ಯಾದೆ ಎಲ್ಲಿಂದ ಬಂತು ಎಂದು ನಾನು ಕೇಳುತ್ತೇನೆ. “ಕಾಕಾ, ನೀವು ಆಟದಲ್ಲೂ ಲೆಕ್ಕವನ್ನೇ ಬರೆಯುತ್ತೀರಿ” ಎನ್ನುತ್ತಾಳೆ. ಆದರೂ ‘ಎ-ಟಿ-ಸಿ-ಎಚ್’ ಬಂದ ದಿನ ಅವಳ ಚೌಕಗಳು ಸ್ವಲ್ಪ ತಡವಾಗಿ ಬರುತ್ತವೆ.