ಶಿಫಾರಸು ನಿಮ್ಮ ಹೊಲಕ್ಕೆ ಒಪ್ಪುತ್ತದೆಯೇ? ನೀವೇ ಪರೀಕ್ಷಿಸುವ ಬಗೆ

ಕೃಷಿ ವಿಶ್ವವಿದ್ಯಾಲಯವೊಂದು ಮೆಕ್ಕೆಜೋಳಕ್ಕೆ ಹೆಕ್ಟೇರಿಗೆ ಇಷ್ಟು ಕಿಲೋ ಸಾರಜನಕ ಎಂದು ಹೇಳಿದಾಗ ಆ ಅಂಕಿಯ ಹಿಂದೆ ಹಲವು ವರ್ಷಗಳ, ಹಲವು ಹೊಲಗಳ ಪ್ರಯೋಗ ಇರುತ್ತದೆ. ಅದು ನಂಬಬಹುದಾದ ಅಂಕಿ, ಆದರೆ ಸರಾಸರಿ. ವರ್ಷಾನುಗಟ್ಟಲೆ ಕೊಟ್ಟಿಗೆ ಗೊಬ್ಬರ ಉಂಡ ಮಣ್ಣು ಬೆಳೆಗೆ ಬೇಕಾದ ಸಾರಜನಕದ ದೊಡ್ಡ ಪಾಲನ್ನು ತಾನೇ ಕೊಡುತ್ತದೆ. ಮರಳು ಮಣ್ಣಿನಲ್ಲಿ ಹಾಕಿದ್ದರಲ್ಲೂ ಒಂದಿಷ್ಟು ನೀರಿನ ಜೊತೆ ಇಳಿದುಹೋಗುತ್ತದೆ. ಹಾಗಾಗಿ ಶಿಫಾರಸಿನ ಪ್ರಮಾಣದಲ್ಲಿ ಕಾಲು ಭಾಗ ಕಡಿಮೆ ಮಾಡಿದರೆ ತನ್ನ ಹೊಲದಲ್ಲಿ ಇಳುವರಿ ಎಷ್ಟು ಕುಗ್ಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಆ ಹೊಲದಲ್ಲೇ. ಸಂಶೋಧಕರು ಬಳಸುವ ವಿಧಾನವನ್ನೇ ರೈತರೂ ಬಳಸಿ ಈ ಉತ್ತರ ಪಡೆಯಬಹುದು. ಬೇಕಾದದ್ದು ಮೂರನೇ ಒಂದು ಹೆಕ್ಟೇರಿಗಿಂತ ತುಸು ಹೆಚ್ಚು ಜಾಗ, ಒಂದು ಒಳ್ಳೆಯ ತಕ್ಕಡಿ, ಅಳತೆ ಪಟ್ಟಿ, ಗೂಟಗಳು ಮತ್ತು ಒಂದು ನೋಟ್‌ಬುಕ್.

ಅರ್ಧ ಹೊಲಕ್ಕೆ ಪೂರ್ತಿ ಗೊಬ್ಬರ, ಇನ್ನರ್ಧಕ್ಕೆ ಕಡಿಮೆ ಗೊಬ್ಬರ ಹಾಕಿ ನೋಡಿದರೆ ಸಾಲದೇ? ಸಾಲದು. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಸಂಶೋಧನಾ ಕೇಂದ್ರದಲ್ಲಿ ಮರ್ಸರ್ ಮತ್ತು ಹಾಲ್ ಎಂಬ ವಿಜ್ಞಾನಿಗಳು ಒಂದೇ ರೀತಿ ಬೆಳೆದ ಒಂದು ಎಕರೆ ಗೋಧಿಯನ್ನು 500 ತುಂಡುಗಳಾಗಿ ಕೊಯ್ದು, ಒಂದೊಂದನ್ನೂ ಬೇರೆಯಾಗಿ ತೂಗಿ, ಲೆಕ್ಕವನ್ನು 1911ರಲ್ಲಿ ಪ್ರಕಟಿಸಿದರು. ಬೀಜ, ಗೊಬ್ಬರ, ಉಳುಮೆ ಎಲ್ಲವೂ ಒಂದೇ ಆಗಿದ್ದರೂ ಅತಿ ಹೆಚ್ಚು ಕಾಳು ಕೊಟ್ಟ ತುಂಡಿಗೂ ಅತಿ ಕಡಿಮೆ ಕೊಟ್ಟ ತುಂಡಿಗೂ ಹತ್ತಿರಹತ್ತಿರ ಎರಡು ಪಟ್ಟು ಅಂತರವಿತ್ತು. ಮಣ್ಣು ತಾನಾಗಿ ಮಾಡುವ ಈ ಏರುಪೇರನ್ನು ಗೊಬ್ಬರದ ಗುಣ ಎಂದು ತಿಳಿದರೆ ತೀರ್ಮಾನ ತಲೆಕೆಳಗಾಗುತ್ತದೆ. 1919ರಲ್ಲಿ ಅದೇ ಕೇಂದ್ರ ಸೇರಿದ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಇದಕ್ಕೆ ದಾರಿ ತೋರಿಸಿದರು: ಹೋಲಿಕೆಯನ್ನು ಹಲವು ಸಲ ಪುನರಾವರ್ತಿಸಬೇಕು, ಯಾವ ತಾಕಿಗೆ ಯಾವುದು ಎಂಬುದನ್ನು ಚೀಟಿ ಎತ್ತಿಯೋ ನಾಣ್ಯ ಚಿಮ್ಮಿಯೋ ನಿರ್ಧರಿಸಬೇಕು. ಇಂದಿಗೂ ಕೃಷಿ ಪ್ರಯೋಗಗಳು ನಿಂತಿರುವುದು ಈ ಎರಡು ಮಾತಿನ ಮೇಲೆ.

ಮೊದಲು ಮಣ್ಣು

ಬಿತ್ತನೆಗೆ ಒಂದು ತಿಂಗಳು ಮೊದಲೇ ಮಣ್ಣಿನ ಮಾದರಿ ತೆಗೆಯಿರಿ. ಪ್ರಯೋಗದ ಜಾಗದಲ್ಲಿ ಅಡ್ಡಾದಿಡ್ಡಿ ನಡೆಯುತ್ತಾ 10ರಿಂದ 15 ಕಡೆ, ಮೇಲಿನ ಕಸಕಡ್ಡಿ ಸರಿಸಿ, ಇಂಗ್ಲಿಷಿನ ‘ವಿ’ ಆಕಾರದಲ್ಲಿ 15 ಸೆಂ.ಮೀ. ಆಳದ ಗುಂಡಿ ತೋಡಿ. ಆ ಮಣ್ಣನ್ನು ಹೊರಗೆ ಎಸೆದು, ಗುಂಡಿಯ ಒಂದು ಗೋಡೆಯಿಂದ ಮೇಲಿನಿಂದ ತಳದವರೆಗೆ ಎರಡು ಬೆರಳು ದಪ್ಪದ ಪದರವನ್ನು ಕೆರೆದು ಪ್ಲಾಸ್ಟಿಕ್ ಬಕೆಟ್‌ಗೆ ಹಾಕಿ. ಸತು ಲೇಪಿಸಿದ ಕಬ್ಬಿಣದ ಬಕೆಟ್ ಬೇಡ, ಸತುವಿನ ಅಂಕಿ ಸುಳ್ಳಾಗುತ್ತದೆ. ಬದು, ಮರದ ನೆರಳು, ಗೊಬ್ಬರ ರಾಶಿ ಹಾಕಿದ್ದ ಜಾಗ, ನೀರು ನಿಲ್ಲುವ ತಗ್ಗು ಇವನ್ನೆಲ್ಲ ಬಿಟ್ಟುಬಿಡಿ. ಒಟ್ಟು ಮಣ್ಣನ್ನು ಚೆನ್ನಾಗಿ ಬೆರೆಸಿ, ವೃತ್ತವಾಗಿ ಹರಡಿ ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ತೆಗೆದುಹಾಕಿ. ಅರ್ಧ ಕಿಲೋ ಉಳಿಯುವವರೆಗೆ ಹೀಗೇ ಮಾಡಿ, ನೆರಳಲ್ಲಿ ಒಣಗಿಸಿ ಕಳಿಸಿ. ರಂಜಕ, ಪೊಟ್ಯಾಷ್ ಅಥವಾ ಸತು ಕೊರತೆ ಇದ್ದರೆ ಮೊದಲು ಅದನ್ನು ಸರಿಪಡಿಸಬೇಕು. ಬೇರೊಂದು ಪೋಷಕಾಂಶ ಬೆಳೆಯನ್ನು ಕಟ್ಟಿಹಾಕಿದ್ದಾಗ ಸಾರಜನಕ ಹೆಚ್ಚಾದರೂ ಕಡಿಮೆಯಾದರೂ ಬೆಳೆ ಒಂದೇ ತರ ಕಾಣುತ್ತದೆ.

ತಾಕು ಹಾಕುವುದು

ಸಾಲಿನಿಂದ ಸಾಲಿಗೆ 75 ಸೆಂ.ಮೀ. ಇಟ್ಟರೆ ಎಂಟು ಸಾಲಿಗೆ 6 ಮೀಟರ್ ಅಗಲವಾಗುತ್ತದೆ. ಪ್ರತಿ ಪಟ್ಟಿ 6 ಮೀಟರ್ ಅಗಲ, 50 ಮೀಟರ್ ಉದ್ದ. ಅಕ್ಕಪಕ್ಕದ ಎರಡು ಪಟ್ಟಿ ಸೇರಿ ಒಂದು ಜೋಡಿ. ಒಂದಕ್ಕೆ ಪೂರ್ತಿ ಪ್ರಮಾಣ, ಇನ್ನೊಂದಕ್ಕೆ ಮುಕ್ಕಾಲು. ಇಂಥ ಆರು ಜೋಡಿ ಬೇಕು. ನಾಲ್ಕಕ್ಕಿಂತ ಕಡಿಮೆ ಆದರೆ ಪ್ರಯೋಗ ಮಾಡುವುದೇ ಬೇಡ, ಅದರಿಂದ ಏನೂ ತಿಳಿಯುವುದಿಲ್ಲ. ಆರು ಜೋಡಿಗೆ 72 ಮೀಟರ್ ಅಗಲ, ಅಂದರೆ 0.36 ಹೆಕ್ಟೇರ್.

ಮಣ್ಣು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬದಲಾಗುತ್ತಾ ಹೋಗುವ ಹೊಲವಾದರೆ ಪಟ್ಟಿಗಳು ಆ ಬದಲಾವಣೆಯ ದಿಕ್ಕಿನಲ್ಲೇ ಉದ್ದಕ್ಕೆ ಸಾಗಲಿ. ಆಗ ಪ್ರತಿ ಪಟ್ಟಿಯೂ ಒಳ್ಳೆಯ ಮಣ್ಣನ್ನೂ ಕಳಪೆ ಮಣ್ಣನ್ನೂ ಹಾಯುತ್ತದೆ. ಇಳಿಜಾರು ಜಾಸ್ತಿ ಇರುವಲ್ಲಿ ಮಾತ್ರ ಹೀಗೆ ಮಾಡಬೇಡಿ. ಇಳಿಜಾರಿನುದ್ದಕ್ಕೂ ಸಾಲು ಎಳೆದರೆ ಮಣ್ಣು ಕೊಚ್ಚಿಹೋಗುತ್ತದೆ. ಅಂಥ ಕಡೆ ಒಂದು ಬದುವಿನಿಂದ ಮುಂದಿನ ಬದುವಿನವರೆಗಿನ ಮಡಿಯಲ್ಲಿ ಒಂದು ಜೋಡಿಯಂತೆ ಇಟ್ಟು, ಪಟ್ಟಿಗಳನ್ನು ಇಳಿಜಾರಿಗೆ ಅಡ್ಡಲಾಗಿ ಹಾಕಿ, ನಡುವೆ ಸಣ್ಣ ಬದು ಕಟ್ಟಿ. ಇಲ್ಲದಿದ್ದರೆ ಮೇಲಿನ ಪಟ್ಟಿಯ ಗೊಬ್ಬರ ಮಳೆನೀರಿನ ಜೊತೆ ಕೆಳಗಿನ ಪಟ್ಟಿಗೆ ಇಳಿಯುತ್ತದೆ.

ಇನ್ನು ನಾಣ್ಯ. ಪ್ರತಿ ಜೋಡಿಗೂ ಒಂದು ಸಲ ಚಿಮ್ಮಿ: ತಲೆ ಬಿದ್ದರೆ ಎಡಗಡೆಗೆ ಪೂರ್ತಿ ಪ್ರಮಾಣ. ಮೂರು ಸಲ ಸತತವಾಗಿ ತಲೆಯೇ ಬಿದ್ದರೂ ಹಾಗೇ ಬಿಡಿ, ತಿದ್ದಬೇಡಿ. ಕಡಿಮೆ ಗೊಬ್ಬರದ ಪಟ್ಟಿಯನ್ನು ಒಳ್ಳೆಯ ನೆಲದಲ್ಲಿ ಇಡೋಣ ಎಂಬ ಆಸೆ ಎಲ್ಲರಿಗೂ ಬರುತ್ತದೆ. ನಾಣ್ಯ ಇರುವುದೇ ಆ ಆಸೆಗೆ ಕಡಿವಾಣ ಹಾಕಲಿಕ್ಕೆ. ನಿರ್ಧಾರವಾದ ತಕ್ಷಣ ನಕ್ಷೆ ಬರೆದು, ಗೂಟಗಳಿಗೆ ಸಂಖ್ಯೆ ಹಾಕಿ, ನಕ್ಷೆಯ ಒಂದು ಪ್ರತಿಯನ್ನು ಮನೆಯಲ್ಲಿ ಬೇರೆಯವರ ಕೈಯಲ್ಲಿ ಕೊಡಿ. ಮಳೆಗಾಲದಲ್ಲಿ ಗೂಟ ಕೀಳುತ್ತವೆ, ನೋಟ್‌ಬುಕ್ ನೆನೆಯುತ್ತದೆ.

ಗೊಬ್ಬರ ತೂಗುವುದು

ಶಿಫಾರಸು ಹೆಕ್ಟೇರಿಗೆ 120 ಕಿಲೋ ಸಾರಜನಕ ಎಂದು ಇಟ್ಟುಕೊಳ್ಳೋಣ. ಒಂದು ಪಟ್ಟಿ 300 ಚದರ ಮೀಟರ್, ಅಂದರೆ 0.03 ಹೆಕ್ಟೇರ್. ಅದಕ್ಕೆ 3.6 ಕಿಲೋ ಸಾರಜನಕ ಬೇಕು. ಯೂರಿಯಾದಲ್ಲಿ ಸಾರಜನಕ ಶೇ 46, ಹಾಗಾಗಿ 7.83 ಕಿಲೋ ಯೂರಿಯಾ. ಮುಕ್ಕಾಲು ಪ್ರಮಾಣವಾದ 90 ಕಿಲೋಗೆ ಪಟ್ಟಿಯೊಂದಕ್ಕೆ 5.87 ಕಿಲೋ. ಬಿತ್ತುವಾಗ, ಮೊಣಕಾಲೆತ್ತರಕ್ಕೆ ಬಂದಾಗ, ಸೂಲಂಗಿ ಬಿಡುವ ಮುಂಚೆ ಎಂದು ಮೂರು ಸಮ ಕಂತು ಮಾಡಿದರೆ ಪ್ರತಿ ಕಂತಿಗೆ 2.61 ಕಿಲೋ ಮತ್ತು 1.96 ಕಿಲೋ ಆಗುತ್ತದೆ. ಇಲ್ಲಿಗೆ ನಿಲ್ಲಿಸದೆ ಸಾಲಿಗೂ ಹಂಚಿ: ಎಂಟು ಸಾಲಿಗೆ ತಲಾ 326 ಗ್ರಾಂ, ಅಥವಾ 245 ಗ್ರಾಂ. ಹಿಂದಿನ ಸಂಜೆಯೇ ಚೀಲಗಳಲ್ಲಿ ತೂಗಿ ಕಟ್ಟಿಟ್ಟರೆ ಹಾಕುವವರು ಯಾರೇ ಇರಲಿ, ಒಂದು ಸಾಲು ಮುಗಿಯುವ ಹೊತ್ತಿಗೆ ಒಂದು ಚೀಲ ಖಾಲಿ. ಅಂದಾಜಿನಲ್ಲಿ ಎರಚಿದರೆ ಕಾಲು ಭಾಗದ ವ್ಯತ್ಯಾಸ ಕೈಯ ಏರುಪೇರಿನಲ್ಲೇ ಮುಳುಗಿಹೋಗುತ್ತದೆ.

ಯೂರಿಯಾವನ್ನು ನೆಲದ ಮೇಲೆ ಹಾಗೇ ಬಿಟ್ಟರೆ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ, ಸುಣ್ಣದಂಶ ಹೆಚ್ಚಿರುವ ಮಣ್ಣಿನಲ್ಲಿ ಇನ್ನೂ ಬೇಗ. ಮಣ್ಣು ಮುಚ್ಚಿ, ಇಲ್ಲವೇ ಹಾಕಿದ ಕೂಡಲೇ ನೀರು ಕೊಡಿ, ಅದೂ ಎಲ್ಲ ಪಟ್ಟಿಗಳಿಗೂ ಒಂದೇ ದಿನ. ಇನ್ನೊಂದು ಬಲೆ ಡಿಎಪಿ. ರಂಜಕಕ್ಕೆಂದು ಹಾಕುವ ಡಿಎಪಿಯಲ್ಲಿ ಶೇ 18 ಸಾರಜನಕ ಇರುತ್ತದೆ. ಅದನ್ನು ಲೆಕ್ಕದಿಂದ ಕಳೆಯದಿದ್ದರೆ ‘ಮುಕ್ಕಾಲು’ ಎಂದುಕೊಂಡದ್ದು ಮುಕ್ಕಾಲಾಗಿ ಉಳಿಯುವುದಿಲ್ಲ. ಈ ಪ್ರಯೋಗದ ಮಟ್ಟಿಗೆ ಸೂಪರ್ ಫಾಸ್ಫೇಟ್ ಬಳಸುವುದು ಸುಲಭ. ಕೊಟ್ಟಿಗೆ ಗೊಬ್ಬರ ಹಾಕುವುದಾದರೆ ಹನ್ನೆರಡು ಪಟ್ಟಿಗಳಿಗೂ ತೂಗಿ ಒಂದೇ ಸಮ ಹಾಕಿ. ತಳಿ, ಬಿತ್ತನೆ ದಿನ, ಗಿಡಗಳ ಸಂಖ್ಯೆ, ಕಳೆ ತೆಗೆಯುವುದು, ಕೀಟನಾಶಕ ಎಲ್ಲವೂ ಒಂದೇ ಇರಬೇಕು. ಬದಲಾಗುವುದು ಸಾರಜನಕ ಒಂದೇ.

ಪ್ರಯೋಗದ ಒಂದು ತುದಿಯಲ್ಲಿ 6 ಮೀಟರ್ ಅಗಲ, 10 ಮೀಟರ್ ಉದ್ದದ ತುಂಡಿಗೆ ಸಾರಜನಕವನ್ನೇ ಹಾಕದೆ ಬಿಡುವುದು ಒಳ್ಳೆಯದು. ಲೆಕ್ಕಕ್ಕೆ ಅದು ಬರುವುದಿಲ್ಲ, ಆದರೆ ಮಣ್ಣು ತಾನೇ ಎಷ್ಟು ಕೊಡುತ್ತಿದೆ ಎಂಬುದು ಕಣ್ಣಿಗೆ ಕಾಣುತ್ತದೆ.

ಬೆಳೆ ನಿಂತಿರುವಾಗ

ಮೊಳಕೆಯಾದ ಎರಡು ವಾರಕ್ಕೆ ಪ್ರತಿ ಪಟ್ಟಿಯ ನಡುವಿನ ಎರಡು ಸಾಲಿನಲ್ಲಿ 10 ಮೀಟರ್ ಉದ್ದಕ್ಕೆ ಗಿಡ ಎಣಿಸಿ. ಮಳೆ, ನೀರು, ರೋಗ, ಹುಳು ಎಲ್ಲವನ್ನೂ ದಿನಾಂಕ ಸಮೇತ ಬರೆಯಿರಿ. ದನ ನುಗ್ಗಿ ಒಂದು ಪಟ್ಟಿ ಮೇಯ್ದರೆ ಆ ಪಟ್ಟಿಯ ಜೊತೆ ಅದರ ಜೋಡಿಯನ್ನೂ ಲೆಕ್ಕದಿಂದ ಕೈಬಿಡಿ. ಉಳಿದ ಒಂಟಿ ಪಟ್ಟಿಯನ್ನು ಸರಾಸರಿಗೆ ಸೇರಿಸುವುದು ತಪ್ಪು.

ಸಾರಜನಕ ಹೆಚ್ಚಾಯಿತೇ ಎಂದು ಗಿಡವನ್ನೇ ಕೇಳುವ ಪರೀಕ್ಷೆಯೊಂದಿದೆ. ಇದು ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಕೊಡುಗೆ. ಮೆಕ್ಕೆಜೋಳ ತನಗೆ ಬೇಕಾದದ್ದಕ್ಕಿಂತ ಹೆಚ್ಚು ಹೀರಿದ ನೈಟ್ರೇಟನ್ನು ದಂಟಿನ ಬುಡದಲ್ಲಿ ಕೂಡಿಡುತ್ತದೆ. ಕಾಳಿನ ಬುಡದಲ್ಲಿ ಕಪ್ಪು ಪದರ (ಕಾಳು ಬಲಿತ ಗುರುತು) ಕಾಣಿಸಿದ ಒಂದರಿಂದ ಮೂರು ವಾರದೊಳಗೆ ನೆಲದಿಂದ 15 ಸೆಂ.ಮೀ. ಮೇಲಿನಿಂದ 35 ಸೆಂ.ಮೀ.ವರೆಗಿನ ದಂಟಿನ ತುಂಡು ಕತ್ತರಿಸಿ, ಅದನ್ನು ಸುತ್ತಿದ ಎಲೆಯ ಬುಡವನ್ನು ಸುಲಿದು, ಪಟ್ಟಿಗೆ 15 ತುಂಡಿನಂತೆ ಕಾಗದದ ಚೀಲದಲ್ಲಿ ಪ್ರಯೋಗಾಲಯಕ್ಕೆ ಕಳಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಬೂಷ್ಟು ಬರುತ್ತದೆ. ನೈಟ್ರೇಟ್ ರೂಪದ ಸಾರಜನಕ ದಶಲಕ್ಷಕ್ಕೆ 2,000 ಭಾಗ ಮೀರಿದ್ದರೆ ಬೆಳೆಗೆ ಅತಿಯಾಗಿದೆ. 250ಕ್ಕಿಂತ ಕಡಿಮೆ ಇದ್ದರೆ ಕೊರತೆ ಬಿದ್ದಿರುವ ಸಾಧ್ಯತೆ ಹೆಚ್ಚು.

ಕೊಯ್ಲು ಮತ್ತು ಲೆಕ್ಕ

ಅಂಚಿನ ಸಾಲುಗಳ ಬೇರು ಪಕ್ಕದ ಪಟ್ಟಿಯ ಗೊಬ್ಬರ ಕದಿಯುತ್ತದೆ. ಆದ್ದರಿಂದ ಎರಡೂ ಬದಿ ಎರಡೆರಡು ಸಾಲು, ಎರಡೂ ತುದಿ ಐದೈದು ಮೀಟರ್ ಬಿಟ್ಟು ನಡುವಿನ ನಾಲ್ಕು ಸಾಲನ್ನು 40 ಮೀಟರ್ ಉದ್ದಕ್ಕೆ ಕೊಯ್ಯಿರಿ. ಅದು 120 ಚದರ ಮೀಟರ್. ಒಂದು ಜೋಡಿಯ ಎರಡೂ ಪಟ್ಟಿಗಳ ಕೊಯ್ಲು ಒಂದೇ ದಿನ ಮುಗಿಯಬೇಕು. ಕಾಳು ಬಿಡಿಸಿ ತೂಗಿ, ತೇವಾಂಶ ಅಳೆದು, ಎಲ್ಲವನ್ನೂ ಶೇ 14ಕ್ಕೆ ತನ್ನಿ: ತೂಕವನ್ನು (100 − ತೇವಾಂಶ)ದಿಂದ ಗುಣಿಸಿ 86ರಿಂದ ಭಾಗಿಸಿ. ಶೇ 20 ತೇವಾಂಶದ 90 ಕಿಲೋ ಕಾಳು ಹೀಗೆ 83.7 ಕಿಲೋ ಆಗುತ್ತದೆ. ಸಾರಜನಕ ಹೆಚ್ಚಾದ ಬೆಳೆ ತಡವಾಗಿ ಒಣಗಬಹುದು. ತೇವಾಂಶ ತಿದ್ದದಿದ್ದರೆ ನೀರಿನ ತೂಕವೇ ಇಳುವರಿಯಾಗಿ ಕಾಣುತ್ತದೆ.

ಈಗ ಪ್ರತಿ ಜೋಡಿಯಲ್ಲೂ ಪೂರ್ತಿ ಪ್ರಮಾಣದ ತೂಕದಿಂದ ಮುಕ್ಕಾಲು ಪ್ರಮಾಣದ ತೂಕ ಕಳೆಯಿರಿ. ಉದಾಹರಣೆಗೆ ವ್ಯತ್ಯಾಸಗಳು 3, −1, 4, 0, 2, 1 ಕಿಲೋ ಎಂದುಕೊಳ್ಳಿ. ಸರಾಸರಿ 1.5. ಪ್ರತಿ ವ್ಯತ್ಯಾಸದಿಂದ ಸರಾಸರಿಯನ್ನು ಕಳೆದು ವರ್ಗ ಮಾಡಿ ಕೂಡಿದರೆ 17.5. ಜೋಡಿಗಳ ಸಂಖ್ಯೆಗಿಂತ ಒಂದು ಕಡಿಮೆ, ಅಂದರೆ 5ರಿಂದ ಭಾಗಿಸಿದರೆ 3.5. ಅದರ ವರ್ಗಮೂಲ 1.87. ಇದನ್ನು 6ರ ವರ್ಗಮೂಲವಾದ 2.45ರಿಂದ ಭಾಗಿಸಿದರೆ 0.763. ಇನ್ನು ಸಂಖ್ಯಾಶಾಸ್ತ್ರದ ‘ಟಿ’ ಕೋಷ್ಟಕ ನೋಡಿ: ಶೇ 95 ಖಚಿತತೆಗೆ ಆರು ಜೋಡಿಗೆ ಅದರ ಅಂಕಿ 2.57, ಐದಕ್ಕೆ 2.78, ನಾಲ್ಕಕ್ಕೆ 3.18. 0.763ನ್ನು 2.57ರಿಂದ ಗುಣಿಸಿದರೆ 1.96. ನಿಜವಾದ ವ್ಯತ್ಯಾಸ 1.5ರ ಆಚೀಚೆ 1.96ರೊಳಗೆ ಇರಬಹುದು ಎಂದು ಇದರರ್ಥ. 120 ಚದರ ಮೀಟರಿನ ಈ ಅಂಕಿಯನ್ನು ಹೆಕ್ಟೇರಿಗೆ ಏರಿಸಿದರೆ ಪೂರ್ತಿ ಗೊಬ್ಬರದಿಂದ ಸರಾಸರಿ 125 ಕಿಲೋ ಕಾಳು ಹೆಚ್ಚು. ಆದರೆ ಅದು 39 ಕಿಲೋ ನಷ್ಟದಿಂದ 289 ಕಿಲೋ ಲಾಭದವರೆಗೆ ಎಲ್ಲಿ ಬೇಕಾದರೂ ಇರಬಹುದು.

ಎಡವುವುದು ಇಲ್ಲೇ. ಈ ಫಲಿತಾಂಶ ನೋಡಿ “ವ್ಯತ್ಯಾಸ ಸಾಬೀತಾಗಲಿಲ್ಲ, ಆದ್ದರಿಂದ ಎರಡೂ ಒಂದೇ” ಎನ್ನುವುದು ಅವಸರ. ಪ್ರಯೋಗ ಹೇಳಿದ್ದು ಇಷ್ಟೇ: ಗೊಬ್ಬರ ಕಡಿಮೆ ಮಾಡಿದ್ದರಿಂದ ನಷ್ಟ ಆದರೂ ಅದು ಹೆಕ್ಟೇರಿಗೆ 289 ಕಿಲೋ ಕಾಳು ಮೀರುವುದು ಕಷ್ಟ. ಇನ್ನೊಂದು ತಟ್ಟೆಯಲ್ಲಿ ಉಳಿದ 30 ಕಿಲೋ ಸಾರಜನಕ, ಅಂದರೆ 65 ಕಿಲೋ ಯೂರಿಯಾ ಇದೆ. ಎರಡರ ಬೆಲೆಯನ್ನೂ ಆ ದಿನದ ದರದಲ್ಲಿ ಇಟ್ಟು ತೂಗಿ, ಸರಾಸರಿಗೂ ಕೆಟ್ಟ ಸಂದರ್ಭಕ್ಕೂ ಬೇರೆ ಬೇರೆಯಾಗಿ. ಒಂದೇ ವರ್ಷದ ಅಂಕಿ ಹಿಡಿದು ಇಡೀ ಹೊಲದ ಪದ್ಧತಿ ಬದಲಿಸಬೇಡಿ. ಮಳೆ ಹೆಚ್ಚಾದ ವರ್ಷ, ಕಡಿಮೆಯಾದ ವರ್ಷ ಎರಡೂ ಬರಲಿ. ಮೂರು ಹಂಗಾಮು ಮಾಡಿದರೆ ಹದಿನೆಂಟು ಜೋಡಿ ಕೈಯಲ್ಲಿರುತ್ತವೆ, ಆ ಅಗಲವಾದ ಅಂತರ ಸಾಕಷ್ಟು ಕಿರಿದಾಗುತ್ತದೆ.

ಬಾವಿಯೂ ಗಾಳಿಯೂ

ಬೆಳೆ ಹೀರದ ಸಾರಜನಕ ನೈಟ್ರೇಟ್ ಆಗಿ ಅಂತರ್ಜಲಕ್ಕೆ ಇಳಿಯುತ್ತದೆ. 1945ರಲ್ಲಿ ಅಯೋವಾ ವಿಶ್ವವಿದ್ಯಾಲಯದ ವೈದ್ಯ ಹಂಟರ್ ಕಾಮ್ಲಿ ಹಳ್ಳಿಯ ಬಾವಿನೀರಿನ ನೈಟ್ರೇಟಿಗೂ ಹಸುಗೂಸುಗಳ ಮೈ ನೀಲಿಗಟ್ಟುವ ಕಾಯಿಲೆಗೂ ಇರುವ ನಂಟನ್ನು ವರದಿ ಮಾಡಿದರು. ನೈಟ್ರೇಟಿನಿಂದ ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಳ್ಳುತ್ತದೆ. ಲೀಟರಿಗೆ 50 ಮಿಲಿಗ್ರಾಂ ನೈಟ್ರೇಟ್ ಎಂಬುದು ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮಿತಿ. ಮನೆಯ ಬಾವಿ ಅಥವಾ ಕೊಳವೆಬಾವಿಯ ನೀರನ್ನು ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ಪರೀಕ್ಷಿಸಿ. ಮಿತಿ ಮೀರಿದ್ದರೆ ಹಸುಗೂಸಿನ ಹಾಲಿನ ಪುಡಿ ಕಲಸಲು ಆ ನೀರು ಬೇಡವೇ ಬೇಡ. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಒಂದು ವರ್ಷ ಗೊಬ್ಬರ ಕಡಿಮೆ ಮಾಡಿದ ಮಾತ್ರಕ್ಕೆ ಬಾವಿ ತಿಳಿಯಾಗುವುದಿಲ್ಲ, ಅಂತರ್ಜಲ ನಿಧಾನವಾಗಿ ಬದಲಾಗುತ್ತದೆ.

ಗಾಳಿಯ ಲೆಕ್ಕವನ್ನೂ ಮಾಡಬಹುದು. ಹಾಕಿದ ಸಾರಜನಕದಲ್ಲಿ ಸುಮಾರು ಶೇ 1 ನೈಟ್ರಸ್ ಆಕ್ಸೈಡ್ ಆಗಿ ಹೊರಬೀಳುತ್ತದೆ ಎಂಬುದು ಹವಾಮಾನ ಲೆಕ್ಕಗಳಲ್ಲಿ ಬಳಸುವ ಸಾಮಾನ್ಯ ಅಂದಾಜು. ನೂರು ವರ್ಷದ ಅವಧಿಯಲ್ಲಿ ಈ ಅನಿಲ ಇಂಗಾಲದ ಡೈಆಕ್ಸೈಡಿಗಿಂತ 273 ಪಟ್ಟು ಶಾಖ ಹಿಡಿಯುತ್ತದೆ. 30 ಕಿಲೋ ಸಾರಜನಕ ಉಳಿಸಿದರೆ ಹೆಕ್ಟೇರಿಗೆ ಸರಿಸುಮಾರು 129 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ ಹೊಲದಿಂದಲೇ ತಪ್ಪುತ್ತದೆ. ಯೂರಿಯಾ ತಯಾರಿಕೆಯಲ್ಲಿ ಸುಡುವ ಇಂಧನ ಇದರಲ್ಲಿ ಸೇರಿಲ್ಲ.

ಹಂಗಾಮು ಮುಗಿದ ಮೇಲೆ ನಕ್ಷೆ, ಮಣ್ಣಿನ ವರದಿ, ಹನ್ನೆರಡು ಪಟ್ಟಿಗಳ ತಿದ್ದದ ತೂಕ, ತೇವಾಂಶ, ಮಳೆಯ ದಾಖಲೆ ಎಲ್ಲದರ ಪ್ರತಿಯನ್ನು ಹತ್ತಿರದ ಕೃಷಿ ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗಕ್ಕೆ ಕೊಡಿ. ಸರಾಸರಿ ಮಾತ್ರ ಕೊಟ್ಟರೆ ಅವರಿಗೆ ಅದರಿಂದ ಹೆಚ್ಚೇನೂ ಸಿಗುವುದಿಲ್ಲ, ಪಟ್ಟಿವಾರು ಅಂಕಿ ಬೇಕು. ನಿರೀಕ್ಷೆಗೆ ವಿರುದ್ಧವಾಗಿ ಬಂದ ಜೋಡಿಯನ್ನು ಬಚ್ಚಿಡಬೇಡಿ. ಒಂದೇ ಬಗೆಯ ಮಣ್ಣಿನ ಹತ್ತಾರು ಹೊಲಗಳಿಂದ ಇಂಥ ಅಂಕಿ ಸೇರಿದಾಗ ಆ ಮಣ್ಣಿಗೇ ಪ್ರತ್ಯೇಕ ಶಿಫಾರಸು ಮಾಡಲು ಸಂಶೋಧಕರಿಗೆ ಆಧಾರ ಸಿಗುತ್ತದೆ.